ಕನೆಕ್ಟಿಂಗ್ ರಾಡ್ ಮತ್ತು ಎಣ್ಣೆಯ ದಾರಿ

ಹಳೆಯ ಮೋಟಾರ್ ಸೈಕಲ್ಲುಗಳ ಗ್ಯಾರೇಜಿನಲ್ಲಿ ಎಂಜಿನ್ ಬಿಚ್ಚಿ ಹರವಿದ ಕೂಡಲೇ ಎದ್ದು ನಿಲ್ಲುವ ವಾದವೊಂದಿದೆ. ರಾಯಲ್ ಎನ್‌ಫೀಲ್ಡ್ ಬುಲೆಟ್‌ನ ಕನೆಕ್ಟಿಂಗ್ ರಾಡ್ ಅಲ್ಯೂಮಿನಿಯಂ ಮಿಶ್ರಲೋಹದ್ದು, ಮೈಸೂರಿನ ಯೆಜ್ಡಿಯದು ಉಕ್ಕಿನದು. ಹಾಗಾಗಿ ಬುಲೆಟ್‌ನದು ಮೆದು, ಯೆಜ್ಡಿಯದು ಗಟ್ಟಿ. ಬುಲೆಟ್‌ಗೂ ಒಂದು ಉಕ್ಕಿನ ರಾಡ್ ಮಾಡಿಸಿ ಹಾಕಿಬಿಟ್ಟರೆ ಮುಂದಿನ ಚಿಂತೆ ಇರುವುದಿಲ್ಲ ಎನ್ನುವುದು ಆ ವಾದ. ಮುರಿದ ರಾಡ್ ಒಂದನ್ನು ಕೈಯಲ್ಲಿ ಹಿಡಿದವರಿಗೆ ಇದು ಇನ್ನೂ ಸರಿಯೆನಿಸುತ್ತದೆ, ಏಕೆಂದರೆ ಮುರಿದದ್ದು ಕಣ್ಣೆದುರಿಗೇ ಇರುತ್ತದೆ. ಆದರೆ ಮುರಿದ ವಸ್ತುವೇ ಮುರಿಯುವುದಕ್ಕೆ ಕಾರಣವೂ ಹೌದೆಂದು ತೀರ್ಮಾನಿಸುವುದು ಅವಸರ. ಹಳೆಯ ಎಂಜಿನ್‌ಗಳ ಕಥೆಯನ್ನು ಸ್ವಲ್ಪ ಬಿಡಿಸಿ ನೋಡಿದರೆ, ರಾಡಿನ ಆಯುಷ್ಯವನ್ನು ಅದರ ಲೋಹಕ್ಕಿಂತ ಹೆಚ್ಚಾಗಿ ಅದರ ಬುಡಕ್ಕೆ ಬರುವ ಎಣ್ಣೆ, ಎಂಜಿನ್ ತಿರುಗುವ ವೇಗ, ಜೋಡಿಸಿದವರ ಕೈ ಇವು ನಿರ್ಧರಿಸಿವೆ ಎಂದು ಕಾಣುತ್ತದೆ. ಲೋಹಕ್ಕೆ ಪಾತ್ರವೇ ಇಲ್ಲವೆಂದಲ್ಲ. ಅದು ಎಲ್ಲಿದೆ, ಎಷ್ಟಿದೆ ಎಂಬುದನ್ನು ಅಳೆದು ಹೇಳಬೇಕಾಗಿದೆ.

ಮೊದಲು ರಾಡಿನ ಕೆಲಸ. ಪಿಸ್ಟನ್ ಮೇಲೆ ಕೆಳಗೆ ಹೋಗುತ್ತದೆ, ಕ್ರ್ಯಾಂಕ್ ಸುತ್ತುತ್ತದೆ, ಎರಡನ್ನೂ ಜೋಡಿಸುವುದು ರಾಡ್. ಬೆಂಕಿ ಹತ್ತಿದಾಗ ಪಿಸ್ಟನ್ ರಾಡನ್ನು ಒತ್ತುತ್ತದೆ. ಬಹಳ ಜನ ಲೆಕ್ಕಕ್ಕೆ ಹಿಡಿಯುವುದು ಈ ಒತ್ತಡವನ್ನೇ. ಆದರೆ ರಾಡಿಗೆ ಹೆಚ್ಚು ಅಪಾಯ ಎಳೆತದಿಂದ. ನಾಲ್ಕು ಸ್ಟ್ರೋಕ್ ಎಂಜಿನ್‌ನಲ್ಲಿ ಹೊಗೆ ಹೊರಹಾಕುವ ಸ್ಟ್ರೋಕ್ ಮುಗಿಯುವ ಹೊತ್ತಿಗೆ ಪಿಸ್ಟನ್ ಮೇಲಕ್ಕೆ ಧಾವಿಸುತ್ತಿರುತ್ತದೆ, ಅದನ್ನು ತಡೆಯಲು ಮೇಲ್ಗಡೆ ಅನಿಲದ ಒತ್ತಡವಿರುವುದಿಲ್ಲ. ಅದನ್ನು ಹಿಡಿದು ನಿಲ್ಲಿಸಿ ಕೆಳಕ್ಕೆ ಎಳೆಯುವ ಕೆಲಸ ಪೂರ್ತಿ ರಾಡಿನ ಮೇಲೆ ಬೀಳುತ್ತದೆ. 350 ಸಿಸಿ ಬುಲೆಟ್‌ನ ಬೋರ್ 70 ಮಿಲಿಮೀಟರ್, ಸ್ಟ್ರೋಕ್ 90. ನಿಮಿಷಕ್ಕೆ 5000 ಸುತ್ತಿನಲ್ಲಿ, ಪಿಸ್ಟನ್, ರಿಂಗು, ಪಿನ್ನು ಎಲ್ಲ ಸೇರಿ ಅರ್ಧ ಕಿಲೋ ಎಂದುಕೊಂಡರೆ, ಆ ಕ್ಷಣದ ಎಳೆತ ಹತ್ತಿರ ಹತ್ತಿರ 800 ಕಿಲೋ ತೂಕಕ್ಕೆ ಸಮ. 6000ಕ್ಕೆ ಏರಿಸಿದರೆ 1100 ದಾಟುತ್ತದೆ. 2500ರಲ್ಲಿ, ಅಂದರೆ ಬುಲೆಟ್ ತನ್ನ ಸಹಜ ಗತಿಯಲ್ಲಿ ಡುಗ್ ಡುಗ್ ಎಂದು ಹೋಗುವಾಗ, ಬರೀ 200. ವೇಗ ಇಮ್ಮಡಿಯಾದರೆ ಎಳೆತ ನಾಲ್ಮಡಿಯಾಗುತ್ತದೆ ಎಂಬುದೇ ಇಲ್ಲಿನ ಸೂತ್ರ. ಲೋಹ ಬದಲಿಸಿ ಗಳಿಸಬಹುದಾದ ಬಲವನ್ನು ಆಕ್ಸಿಲರೇಟರ್ ತಿರುವುವ ಕೈ ಒಂದೇ ಕ್ಷಣದಲ್ಲಿ ಕಳೆದುಬಿಡಬಲ್ಲದು.

ಹಾಗಾದರೆ ಅಲ್ಯೂಮಿನಿಯಂ ಏಕೆ ಬಂತು? ಅಗ್ಗವೆಂದು ಬಂದದ್ದಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿ ತಾಮ್ರ, ನಿಕ್ಕೆಲ್, ಮೆಗ್ನೀಸಿಯಂ ಬೆರೆಸಿ ವೈ-ಅಲಾಯ್ ಎಂಬ ಮಿಶ್ರಲೋಹ ಮಾಡಿತು. ಬಿಸಿಯಲ್ಲೂ ಬಲ ಕಳೆದುಕೊಳ್ಳದ ಅಲ್ಯೂಮಿನಿಯಂ ವಿಮಾನದ ಎಂಜಿನ್‌ಗಳಿಗೆ ಬೇಕಾಗಿತ್ತು. ಅದನ್ನೇ ರೋಲ್ಸ್-ರಾಯ್ಸ್ ಬೆಳೆಸಿ ಆರ್‌ಆರ್ ಸರಣಿಯ ಲೋಹಗಳನ್ನು ರೂಪಿಸಿತು. ಸ್ಲೌ ಪಟ್ಟಣದ ಹೈ ಡ್ಯೂಟಿ ಅಲಾಯ್ಸ್ ಕಂಪನಿ ಅವನ್ನು ಹಿಡುಮಿನಿಯಂ ಎಂಬ ಹೆಸರಿನಲ್ಲಿ ತಯಾರಿಸಿತು. ಈ ಸರಣಿಯ ಆರ್‌ಆರ್ 56, ಸುತ್ತಿಗೆಯ ಹೊಡೆತಕ್ಕೆ ಅಚ್ಚಿನಲ್ಲಿ ರೂಪ ತಾಳುವ, ಅಂದರೆ ಫೋರ್ಜ್ ಮಾಡುವ ಲೋಹ. ವಿನ್ಯಾಸಕಾರ ಎಡ್ವರ್ಡ್ ಟರ್ನರ್ 1937ರಲ್ಲಿ ಟ್ರಯಂಫ್ ಸ್ಪೀಡ್ ಟ್ವಿನ್ ಬೈಕನ್ನು ತಂದಾಗ ಅದರ ಎರಡು ರಾಡುಗಳಿಗೆ ಆರಿಸಿಕೊಂಡದ್ದು ಇದನ್ನೇ. ಕೆಳಗಿನ ಕ್ಯಾಪ್ ಮಾತ್ರ ಉಕ್ಕಿನದು. ಎರಡನೇ ಮಹಾಯುದ್ಧದ ನಂತರ ಬ್ರಿಟನ್ನಿನ ಬಹುತೇಕ ಜೋಡಿ ಸಿಲಿಂಡರ್ ಬೈಕುಗಳು ಇದೇ ದಾರಿ ಹಿಡಿದವು. ರೆಡಿಚ್‌ನ ರಾಯಲ್ ಎನ್‌ಫೀಲ್ಡ್ ತನ್ನ ಒಂಟಿ ಸಿಲಿಂಡರ್ ಬುಲೆಟ್‌ಗೂ ಮಿಶ್ರಲೋಹದ ರಾಡನ್ನೇ ಹಾಕಿತು. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಹುಟ್ಟಿದಾಗ ವಿನ್ಯಾಸದ ಜೊತೆಗೆ ಆ ರಾಡೂ ಸಮುದ್ರ ದಾಟಿ ಬಂತು.

ಟರ್ನರ್‌ನಂಥವರಿಗೆ ಇದರಿಂದ ಸಿಕ್ಕಿದ್ದೇನು ಎಂದರೆ, ಹಗುರ. ಉಕ್ಕಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 7.8 ಗ್ರಾಂ, ಈ ಮಿಶ್ರಲೋಹದ್ದು 2.8ರ ಆಸುಪಾಸು. ಆದರೆ ಅಲ್ಯೂಮಿನಿಯಂನ ಬಿಗಿ ಉಕ್ಕಿನ ಬಿಗಿಯ ಮೂರನೇ ಒಂದು ಪಾಲು, ಹೀಗಾಗಿ ರಾಡನ್ನು ದಪ್ಪ ಮಾಡಬೇಕಾಗುತ್ತದೆ. ಉಳಿತಾಯದ ಸ್ವಲ್ಪ ಭಾಗ ಅಲ್ಲೇ ಸೋರಿಹೋದರೂ ಉಳಿದದ್ದು ಬೇರಿಂಗ್‌ಗೆ ದೊಡ್ಡ ಉಪಕಾರ. ರಾಡ್ ಕ್ರ್ಯಾಂಕಿಗೆ ಕೂಡುವ ದೊಡ್ಡ ತುದಿಯ, ಅಂದರೆ ಬಿಗ್ ಎಂಡ್‌ನ ಬೇರಿಂಗ್ ಹೊರುವ ಭಾರದಲ್ಲಿ ರಾಡಿನ ಸ್ವಂತ ತೂಕವೂ ಸೇರಿರುತ್ತದಲ್ಲ. ಬಿಸಿಯನ್ನು ಬೇರಿಂಗ್‌ನಿಂದ ಬೇಗ ಎಳೆದುಕೊಳ್ಳುವುದು ಇದರ ಇನ್ನೊಂದು ಗುಣ. ಅಂದರೆ ಮಿಶ್ರಲೋಹದ ರಾಡ್ ತನ್ನನ್ನು ಕಾಪಾಡಿಕೊಳ್ಳುವುದಕ್ಕಿಂತ ಹೆಚ್ಚಾಗಿ ತನ್ನ ಬೇರಿಂಗನ್ನು ಕಾಪಾಡುವ ಉಪಾಯ. ಈ ಮಾತನ್ನು ಮರೆತು ಬುಲೆಟ್‌ಗೆ ಭಾರದ ಉಕ್ಕಿನ ರಾಡ್ ಹಾಕಿಸುವವರು ಕ್ರ್ಯಾಂಕಿನ ಬ್ಯಾಲೆನ್ಸ್ ಕೆಡಿಸುತ್ತಾರೆ; ಮೇನ್ ಬೇರಿಂಗ್‌ಗಳ ಮೇಲೆ ಹೊಸ ಭಾರ ಬೀಳುತ್ತದೆ, ಹ್ಯಾಂಡಲ್ ಹಿಡಿದ ಕೈಗೆ ನಡುಕ ಬರುತ್ತದೆ. ಮರುಬ್ಯಾಲೆನ್ಸ್ ಮಾಡಿಸಿದರೆ ಸರಿಹೋದೀತು, ಆದರೆ ಎಷ್ಟು ಜನ ಮಾಡಿಸುತ್ತಾರೆ?

ಇಲ್ಲಿ ಓದಿಕೊಂಡವರ ಕಡೆಯಿಂದ ಗಂಭೀರವಾದ ಆಕ್ಷೇಪ ಬರುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ಲೋಹಕ್ಕೆ ದಣಿವು ಎಂಬುದೊಂದಿದೆ. 1842ರ ಮೇ ತಿಂಗಳಲ್ಲಿ ವರ್ಸೈ ಬಳಿ ರೈಲು ಎಂಜಿನ್ನಿನ ಅಚ್ಚು ಮುರಿದು ಐವತ್ತಕ್ಕೂ ಹೆಚ್ಚು ಜನ ಸತ್ತರು. ಮುರಿಯುವಷ್ಟು ಭಾರವೇ ಇಲ್ಲದ ಕಡೆ ಅಚ್ಚು ಮುರಿದದ್ದು ಏಕೆ ಎಂಬ ಪ್ರಶ್ನೆ ಅಂದಿನ ಎಂಜಿನಿಯರುಗಳನ್ನು ಕಾಡಿತು. ಜರ್ಮನಿಯ ರೈಲ್ವೆ ಎಂಜಿನಿಯರ್ ಆಗಸ್ಟ್ ವ್ಯೋಲರ್ ವರ್ಷಗಟ್ಟಲೆ ಅಚ್ಚುಗಳನ್ನು ಬಗ್ಗಿಸಿ ತಿರುಗಿಸಿ ಉತ್ತರ ಹುಡುಕಿದ. ಸಣ್ಣ ಭಾರವೂ ಲಕ್ಷಾಂತರ ಸಲ ಬಂದು ಹೋದರೆ ಲೋಹ ಸೀಳುತ್ತದೆ. ಆದರೆ ಉಕ್ಕಿಗೆ ಒಂದು ಮಿತಿಯಿದೆ, ಅದಕ್ಕಿಂತ ಕಡಿಮೆ ಭಾರವನ್ನು ಅದು ಎಷ್ಟು ಸಲವಾದರೂ ತಾಳಿಕೊಂಡೀತು. ಅಲ್ಯೂಮಿನಿಯಂಗೆ ಅಂಥ ಖಚಿತ ಮಿತಿಯಿಲ್ಲ. ಭಾರ ಬಂದುಹೋಗುವ ಸಲ ಹೆಚ್ಚಿದಂತೆ ಅದರ ಬಲ ನಿಧಾನಕ್ಕೆ ಇಳಿಯುತ್ತಲೇ ಹೋಗುತ್ತದೆ. ಹಾಗಾದರೆ ಎಪ್ಪತ್ತು ವರ್ಷದ ಅಲ್ಯೂಮಿನಿಯಂ ರಾಡ್ ಸಿಡಿಯಲು ಕಾದಿರುವ ಬಾಂಬಲ್ಲವೇ ಎಂಬುದು ಆಕ್ಷೇಪ.

ಲೆಕ್ಕ ಹಾಕಿಯೇ ನೋಡೋಣ. ಅಲ್ಯೂಮಿನಿಯಂನ ದಣಿವಿನ ಬಲವನ್ನು ಸಾಮಾನ್ಯವಾಗಿ 50 ಕೋಟಿ ಸಲ ಭಾರ ಬಂದುಹೋಗುವ ಮಟ್ಟದಲ್ಲಿ ಹೇಳುವ ವಾಡಿಕೆ ಇದೆ. ಒಂದು ಬುಲೆಟ್ ಗಂಟೆಗೆ 60 ಕಿಲೋಮೀಟರ್ ಹೋಗುವಾಗ ಎಂಜಿನ್ ನಿಮಿಷಕ್ಕೆ ಸುಮಾರು 3000 ಸುತ್ತು ಎಂದು ಹಿಡಿದರೆ, ಕಿಲೋಮೀಟರಿಗೆ 3000 ಸುತ್ತಾಯಿತು. ಲಕ್ಷ ಕಿಲೋಮೀಟರಿಗೆ 30 ಕೋಟಿ. ಎರಡು ಸುತ್ತಿಗೊಮ್ಮೆ ಆ ದೊಡ್ಡ ಎಳೆತ, ಅಂದರೆ 15 ಕೋಟಿ ಸಲ. ಲಕ್ಷ ಕಿಲೋಮೀಟರ್ ಓಡಿದ ಹಳೆಯ ಬೈಕುಗಳೇ ಅಪರೂಪ, ಇಂದು ಭಾನುವಾರ ಮಾತ್ರ ಹೊರಬರುವ ಗಾಡಿಗಳ ಮಾತು ಬಿಡಿ. ಇನ್ನು ಭಾರ ಎಷ್ಟು? ರಾಡಿನ ನಡುವಿನ ಅಡ್ಡಕೊಯ್ತ 2 ಚದರ ಸೆಂಟಿಮೀಟರ್ ಎಂದು ಕೃಪಣವಾಗಿಯೇ ಇಟ್ಟುಕೊಂಡರೂ, 6000 ಸುತ್ತಿನ ಎಳೆತ ಚದರ ಸೆಂಟಿಮೀಟರಿಗೆ 600 ಕಿಲೋ ಮುಟ್ಟುವುದಿಲ್ಲ. ಈ ಜಾತಿಯ ಫೋರ್ಜ್ ಲೋಹ ಒಂದೇ ಎಳೆತಕ್ಕೆ ಮುರಿಯಲು ಚದರ ಸೆಂಟಿಮೀಟರಿಗೆ 4000 ಕಿಲೋ ಬೇಕು. ದಣಿವಿನ ಬಲ ಅದರ ಮೂರನೇ ಒಂದು ಪಾಲೆಂದು ಹಿಡಿದರೂ ನಮ್ಮ ಭಾರ ಅದರ ಅರ್ಧಕ್ಕಿಂತ ಕೆಳಗೇ ಇದೆ. ಬುಲೆಟ್ ದಿನವಿಡೀ 6000ದಲ್ಲಿ ಓಡುವ ಎಂಜಿನ್ ಅಲ್ಲವೇ ಅಲ್ಲ. ಉಕ್ಕಿನ ಮಿತಿ ಸಿದ್ಧಾಂತದಲ್ಲಿ ದೊಡ್ಡದು. ಈ ಎಂಜಿನ್ನಿನ ದಿನಚರಿಯಲ್ಲಿ ಎರಡು ಲೋಹಗಳೂ ಆ ಗಡಿಯಿಂದ ದೂರವೇ ನಿಂತಿವೆ.

ಆದರೂ ರಾಡುಗಳು ಮುರಿದಿವೆ, ಕ್ರ್ಯಾಂಕ್‌ಕೇಸ್ ಒಡೆದು ಹೊರಗೆ ಇಣುಕಿವೆ. ಏಕೆ? ಟ್ರಯಂಫ್ ಜೋಡಿ ಸಿಲಿಂಡರ್‌ಗಳನ್ನೇ ತೆಗೆದುಕೊಳ್ಳಿ. ಅವುಗಳ ಕ್ರ್ಯಾಂಕಿನೊಳಗೆ ಎಣ್ಣೆ ಹರಿಯುವ ದಾರಿಯಲ್ಲಿ ಒಂದು ಕೊಳವೆಯಿದೆ. ಆ ಕಾಲದ ಎಣ್ಣೆಗೆ ಇದ್ದ ಜರಡಿ ತಂತಿಬಲೆ ಮಾತ್ರ, ಇಂದಿನಂಥ ಕಾಗದದ ಫಿಲ್ಟರ್ ಅಲ್ಲ. ಕ್ರ್ಯಾಂಕ್ ತಿರುಗುವ ರಭಸಕ್ಕೆ ಎಣ್ಣೆಯಲ್ಲಿರುವ ಕೊಳೆ ಹೊರಮೈಗೆ ಸಿಡಿದು ಈ ಕೊಳವೆಯಲ್ಲಿ ಸೇರಿಕೊಳ್ಳಲಿ, ತಿಳಿಯಾದ ಎಣ್ಣೆ ಬೇರಿಂಗ್‌ಗೆ ಹೋಗಲಿ ಎಂಬುದು ಯೋಚನೆ. ಜಾಣ ಯೋಚನೆಯೇ, ಆದರೆ ಕೊಳವೆಗೂ ಒಂದು ಅಳತೆಯಿದೆ. ಇಪ್ಪತ್ತು ಮೂವತ್ತು ವರ್ಷ ಯಾರೂ ಬಿಚ್ಚದ ಎಂಜಿನ್‌ನಲ್ಲಿ ಅದು ಒಲೆಯ ಹಿಂದಿನ ಗೋಡೆಗೆ ಹತ್ತಿದ ಜಿಡ್ಡುಮಸಿಯ ಹಾಗೆ ಗಟ್ಟಿಯಾದ ಕಪ್ಪು ಹೆಂಟೆಯಿಂದ ತುಂಬಿರುತ್ತದೆ. ಅದನ್ನು ತೆಗೆಯಬೇಕಾದರೆ ಎಂಜಿನ್ ಪೂರ್ತಿ ಇಳಿಸಿ, ಕ್ರ್ಯಾಂಕ್ ಹೊರತೆಗೆದು, ತಿರುಪಿನ ಮುಚ್ಚಳ ಬಿಚ್ಚಿ, ಕೊಳವೆಯನ್ನು ಹಿಡಿದಿರುವ ಫ್ಲೈವೀಲ್‌ನ ಬೋಲ್ಟನ್ನೂ ಸಡಿಲಿಸಬೇಕು. ಹೊಸ ಪಿಸ್ಟನ್, ಹೊಸ ರಿಂಗು, ಹೊಳೆಯುವ ಬಣ್ಣ ಎಲ್ಲ ಹಾಕಿಸಿದವರು ಎಷ್ಟೋ ಸಲ ಇದೊಂದನ್ನು ಬಿಟ್ಟಿರುತ್ತಾರೆ. ಆಮೇಲೆ ದಾರಿ ಕಟ್ಟಿಕೊಳ್ಳುತ್ತದೆ, ಬೇರಿಂಗ್ ಒಣಗುತ್ತದೆ, ಲೋಹಕ್ಕೆ ಲೋಹ ಉಜ್ಜುತ್ತದೆ, ಬೇರಿಂಗ್ ಶೆಲ್ ಸವೆದು ಸಂದು ದೊಡ್ಡದಾಗುತ್ತದೆ. ರಾಡ್ ಈಗ ಪ್ರತಿ ಸುತ್ತಿಗೂ ಸುತ್ತಿಗೆಯ ಪೆಟ್ಟು ತಿನ್ನುತ್ತದೆ, ಬೋಲ್ಟುಗಳು ಹಿಗ್ಗುತ್ತವೆ. ಕೊನೆಯಲ್ಲಿ ಮುರಿದುಬಿದ್ದ ಅಲ್ಯೂಮಿನಿಯಂ ತುಂಡನ್ನು ಎತ್ತಿಕೊಂಡು ಜನ ಲೋಹವನ್ನು ಬೈಯುತ್ತಾರೆ. ಪಕ್ಕದಲ್ಲೇ ಇರುವ ಕ್ರ್ಯಾಂಕ್‌ಪಿನ್ನನ್ನು ನೋಡಿದರೆ ಸಾಕು. ಅದು ನೀಲಿಗಟ್ಟಿದ್ದರೆ, ಉಕ್ಕು 300 ಡಿಗ್ರಿಯ ಹತ್ತಿರ ಕಾದಿತ್ತೆಂದು ಅರ್ಥ. ಅಷ್ಟು ಬಿಸಿಗೆ ಕಾರಣ ಲೋಹದ ದಣಿವಲ್ಲ, ಎಣ್ಣೆಯ ಬರ.

1962ರಲ್ಲಿ ಬಂದ ಬಿಎಸ್‌ಎ ಎ65 ಎಂಬ ಜೋಡಿ ಸಿಲಿಂಡರ್ ಬೈಕಿನದು ಇನ್ನೂ ಸ್ವಾರಸ್ಯದ ಸಾಕ್ಷ್ಯ. ಅದರ ಕ್ರ್ಯಾಂಕಿನ ಒಂದು ತುದಿ ಕೂತಿರುವುದು ಸಾದಾ ಬುಷ್ಷಿನಲ್ಲಿ. ಬಿಗ್ ಎಂಡ್‌ಗೆ ಹೋಗುವ ಎಣ್ಣೆ ಕ್ರ್ಯಾಂಕಿನೊಳಗೆ ನುಗ್ಗುವುದು ಆ ಬುಷ್ಷಿನ ಮೂಲಕವೇ. ಬುಷ್ ಸವೆದರೆ ಎಣ್ಣೆ ಒಳಗೆ ಹೋಗುವ ಬದಲು ಸಂದಿನಲ್ಲಿ ಜಾರಿಹೋಗುತ್ತದೆ. ಹತ್ತಿರದ ಬಿಗ್ ಎಂಡ್ ಹೇಗೋ ಬದುಕಿಕೊಳ್ಳುತ್ತದೆ, ದೂರದ್ದಕ್ಕೆ ಬರ. ಈ ಎಂಜಿನ್‌ನಲ್ಲಿ ರಾಡ್ ಕೇಸನ್ನು ತೂರಿ ಬಂದ ಪ್ರಸಂಗಗಳು ಹೆಸರುವಾಸಿ. ಒಂದೇ ಲೋಹದ, ಒಂದೇ ಆಕಾರದ, ಒಂದೇ ದಿನ ಹಾಕಿದ ಎರಡು ರಾಡುಗಳಲ್ಲಿ ಒಂದು ಹಾಳಾಗಿ ಇನ್ನೊಂದು ಸರಿಯಿದ್ದರೆ, ಲೋಹದ ಮೇಲೆ ಆರೋಪ ಹೊರಿಸುವುದು ಹೇಗೆ? ರಾಡಿನಷ್ಟು ಬೆಲೆಯಿಲ್ಲದ ಒಂದು ಬುಷ್ಷನ್ನು ಅಳೆಯದೆ ಬಿಟ್ಟದ್ದೇ ಅಲ್ಲಿ ನಡೆದ ಅಪರಾಧ.

ನಮ್ಮ ಬುಲೆಟ್‌ನ ಬಿಗ್ ಎಂಡ್‌ನಲ್ಲಿ ಹಲವು ದಶಕ ಇದ್ದದ್ದು ತೇಲುವ ಬುಷ್. ಅದು ಪಿನ್ನಿಗೂ ಅಂಟಿಲ್ಲ, ರಾಡಿಗೂ ಅಂಟಿಲ್ಲ. ನಡುವೆ ತಾನೂ ತಿರುಗುತ್ತದೆ. ಉಜ್ಜುವ ವೇಗ ಒಳಮೈ ಹೊರಮೈಗಳಿಗೆ ಹಂಚಿಹೋಗುತ್ತದೆ. ಮಿಶ್ರಲೋಹದ ರಾಡಿಗೆ ಇದು ಒಪ್ಪುವ ಜೋಡಿ, ಆದರೆ ಎರಡೂ ಮೈಗೆ ಎಣ್ಣೆ ಬೇಕು. ಬುಲೆಟ್‌ನ ಪ್ಲಂಜರ್ ಪಂಪುಗಳು ನಿಧಾನದ ಸ್ವಭಾವದವು, ಫಿಲ್ಟರ್ ಉಣ್ಣೆಯ ಫೆಲ್ಟಿನದು. ತಿಂಗಳುಗಟ್ಟಲೆ ನಿಂತ ಗಾಡಿಯನ್ನು ಕಿಕ್ ಹೊಡೆದ ಕೂಡಲೇ ರೇಸ್ ಕೊಟ್ಟು ಗರ್ಜಿಸುವವರು ಆ ಒಂದು ನಿಮಿಷದಲ್ಲಿ ಮಾಡುವ ಹಾನಿಯನ್ನು ಯಾವ ಉಕ್ಕೂ ತಡೆಯಲಾರದು. ಒಂದು ಅಂಶವನ್ನು ಮಾತ್ರ ಉಕ್ಕಿನ ಪರವಾಗಿ ಒಪ್ಪಿಕೊಳ್ಳಬೇಕು. ಎಣ್ಣೆ ನಿಂತ ಮೇಲೆ ಬಿಸಿ ಏರುವಾಗ ಅಲ್ಯೂಮಿನಿಯಂ ಉಕ್ಕಿಗಿಂತ ಬೇಗ ಬಲ ಕಳೆದುಕೊಳ್ಳುತ್ತದೆ. ತಪ್ಪು ನಡೆದ ಮೇಲೆ ಉಕ್ಕು ಇನ್ನೊಂದಿಷ್ಟು ಹೊತ್ತು ಕಾಯುತ್ತದೆ, ಅಷ್ಟೇ. ಅಷ್ಟರಲ್ಲಿ ಕಟ ಕಟ ಸದ್ದು ಕೇಳಿ ಎಂಜಿನ್ ಆಫ್ ಮಾಡುವ ಕಿವಿ ಇದ್ದರೆ ಅದು ಲಾಭ.

ಹಾಗಾದರೆ ಯೆಜ್ಡಿಯ ಉಕ್ಕಿನ ರಾಡ್ ಅಷ್ಟು ಗಟ್ಟಿಯೆನಿಸಿಕೊಂಡದ್ದು ಹೇಗೆ ಎಂದು ಕೇಳಬಹುದು. 1961ರಲ್ಲಿ ಮೈಸೂರಿನಲ್ಲಿ ಶುರುವಾದ ಐಡಿಯಲ್ ಜಾವಾ ಕಾರ್ಖಾನೆ ಮೊದಲು ಜಾವಾ ಹೆಸರಿನಲ್ಲಿ, 1973ರಿಂದ ಯೆಜ್ಡಿ ಹೆಸರಿನಲ್ಲಿ, 1996ರಲ್ಲಿ ಬಾಗಿಲು ಹಾಕುವ ತನಕ ಮಾಡಿದ್ದು ಎರಡು ಸ್ಟ್ರೋಕಿನ ಬೈಕುಗಳನ್ನು. ಉತ್ತರ ಆ ಎರಡು ಸ್ಟ್ರೋಕಿನಲ್ಲೇ ಇದೆ. ಅದರಲ್ಲಿ ಪಿಸ್ಟನ್ ಮೇಲೆ ಬಂದಾಗಲೆಲ್ಲ ಅನಿಲವನ್ನು ಒತ್ತಿಕೊಂಡೇ ಬರುತ್ತದೆ. ಖಾಲಿಯಾಗಿ ಮೇಲೇರುವ ಸ್ಟ್ರೋಕ್ ಎಂಬುದೇ ಇಲ್ಲ. ಪಿಸ್ಟನ್ನನ್ನು ತಡೆಯುವ ಕೆಲಸದ ಬಹುಪಾಲನ್ನು ಒತ್ತಿದ ಅನಿಲವೇ ವಹಿಸಿಕೊಳ್ಳುತ್ತದೆ, ರಾಡಿಗೆ ಬರುವ ಎಳೆತ ತಗ್ಗುತ್ತದೆ. ಅದಕ್ಕೇ ಜಾವಾ-ಯೆಜ್ಡಿಯಲ್ಲಿ ರಾಡ್ ನಡುವೆ ತುಂಡಾಗುವುದು ಅಪರೂಪ, ಹೋಗುವುದು ಬಿಗ್ ಎಂಡ್ ರೋಲರ್‌ಗಳು. ಅವು ಹೋಗುವುದೂ ಎಣ್ಣೆಯ ಕಾರಣಕ್ಕೇ. ಪೆಟ್ರೋಲಿಗೆ ನೂರಕ್ಕೆ ನಾಲ್ಕು-ಐದರಷ್ಟು ಆಯಿಲ್ ಬೆರೆಸಿ ಓಡಿಸುವ ಗಾಡಿಯಿದು. ಪೆಟ್ರೋಲು ಒಳಗೆ ಹೋದಷ್ಟೇ ಎಣ್ಣೆ. ಆಗುಂಬೆ ಘಾಟಿಯನ್ನೋ ಚಾರ್ಮಾಡಿ ಘಾಟಿಯನ್ನೋ ಗೇರಿನಲ್ಲೇ ಬಿಟ್ಟು, ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಇಳಿಯುವಾಗ ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಬರುವ ಪೆಟ್ರೋಲು ತೀರಾ ಕಡಿಮೆ, ಎಣ್ಣೆಯೂ ಅಷ್ಟೇ ಕಡಿಮೆ. ಒತ್ತಲು ಅನಿಲವೂ ಕಡಿಮೆಯಾದ್ದರಿಂದ ಎಳೆತವೂ ಆಗಲೇ ಹೆಚ್ಚು. ನಡುನಡುವೆ ಒಂದಿಷ್ಟು ಆಕ್ಸಿಲರೇಟರ್ ಕೊಡುತ್ತಾ ಇಳಿಯಬೇಕು ಎಂದು ಹಳಬರು ಹೇಳುವುದಕ್ಕೆ ಇಷ್ಟು ಗಟ್ಟಿ ಕಾರಣವಿದೆ.

ಉಕ್ಕು ಎಂದ ಮಾತ್ರಕ್ಕೆ ಎಲ್ಲ ಉಕ್ಕೂ ಒಂದೇ ಅಲ್ಲ ಎಂಬುದನ್ನು ಡೂಪ್ಲಿಕೇಟ್ ರಾಡ್ ಕಿಟ್‌ಗಳು ಚೆನ್ನಾಗಿ ಕಲಿಸಿವೆ. ರೋಲರ್‌ಗಳು ನೇರವಾಗಿ ರಾಡಿನ ಕಣ್ಣಿನೊಳಗೆ ಉರುಳುವ ಯೆಜ್ಡಿಯಂಥ ವಿನ್ಯಾಸದಲ್ಲಿ ಕಣ್ಣಿನ ಒಳಮೈ ಗಾಜಿನಂತೆ ಗಡುಸಾಗಿರಬೇಕು, ಒಳಗಿನ ಒಡಲು ಬಗ್ಗುವಷ್ಟು ಮೆದುವಾಗಿರಬೇಕು. ಕೇಸ್ ಹಾರ್ಡನಿಂಗ್ ಮಾಡುವುದು ಅದಕ್ಕೇ. ಹದ ತಪ್ಪಿದರೆ ಕೆಲವೇ ಸಾವಿರ ಕಿಲೋಮೀಟರಿನಲ್ಲಿ ಒಳಮೈ ಚಕ್ಕೆಯೆದ್ದು ರೋಲರ್‌ಗಳು ಕಡಿದುಕೊಳ್ಳುತ್ತವೆ. ಲೇತ್ ಅಂಗಡಿಯಲ್ಲಿ ಒಳ್ಳೆಯ ದರ್ಜೆಯ ಉಕ್ಕೆಂದು ಹೇಳಿ ಕೊಟ್ಟರೂ ಹದ ಮಾಡಿದ ಕುಲುಮೆ ಯಾವುದೆಂದು ಕೇಳಬೇಕು. ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಬಿಚ್ಚಿ ಮತ್ತೆ ಕೂಡಿಸುವಾಗ ಎರಡು ಬದಿಯೂ ಒಂದೇ ನೇರಕ್ಕೆ, ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲಿನೊಳಗೆ, ಡಯಲ್ ಗೇಜಿನಲ್ಲಿ ನೋಡಿ ಕೂಡಿಸಿದರೋ ಅಥವಾ ಕಣ್ಣಂದಾಜಿನಲ್ಲೋ ಎಂಬುದೂ ಅಷ್ಟೇ ಮುಖ್ಯ.

ರೇಸಿನವರ ಉದಾಹರಣೆ ಕೊಡುವವರಿದ್ದಾರೆ. ಕ್ಯಾರಿಲ್ಲೋ ಕಂಪನಿಯಂಥವರ ಉಕ್ಕಿನ ರಾಡುಗಳನ್ನು ರೇಸಿನವರು ಹಾಕುತ್ತಾರೆ, ಹೋಂಡಾ ತನ್ನ ಆರ್‌ಸಿ30 ಬೈಕಿಗೆ ಟೈಟಾನಿಯಂ ರಾಡನ್ನೇ ಕೊಟ್ಟಿತು, ನಮಗೇಕೆ ಬೇಡ ಎಂಬುದು ಇವರ ಪ್ರಶ್ನೆ. ವಿನ್ಯಾಸಕಾರ ಊಹಿಸದ ವೇಗಕ್ಕೆ ಎಂಜಿನ್ ತಿರುಗಿಸುವವರಿಗೆ ಅದು ಬೇಕೇ ಬೇಕು. ಎಳೆತ ನಾಲ್ಮಡಿಯಾಗುವ ಲೆಕ್ಕ ಆಗಲೇ ನೋಡಿದೆವಲ್ಲ. ರೇಸಿನವರು ಪ್ರತಿ ಋತುವಿಗೂ ಎಂಜಿನ್ ಬಿಚ್ಚುತ್ತಾರೆ, ಬೋಲ್ಟು ಬದಲಿಸುತ್ತಾರೆ, ಎಣ್ಣೆಯ ಪಂಪನ್ನೂ ಬದಲಿಸಿರುತ್ತಾರೆ. ಅವರ ರಾಡನ್ನು ತಂದು ಅವರ ಅಭ್ಯಾಸವನ್ನು ಅಲ್ಲೇ ಬಿಟ್ಟುಬಂದರೆ ಸಿಗುವುದು ಬಿಲ್ಲು ಮಾತ್ರ.

ಆದರೆ ಹಳೆಯ ಅಲ್ಯೂಮಿನಿಯಂ ರಾಡನ್ನು ಕಣ್ಣುಮುಚ್ಚಿ ನಂಬಿ ಎಂದು ಇದರ ಅರ್ಥವಲ್ಲ. ಮೇಲಿನ ಲೆಕ್ಕವೆಲ್ಲ ನಯವಾದ ಮೈಯಿರುವ ರಾಡಿಗೆ ಸೇರಿದ್ದು. ದಣಿವಿನ ಬಿರುಕು ಹುಟ್ಟುವುದು ಗೀರಿನಲ್ಲಿ. ಯಾರೋ ಒಮ್ಮೆ ತೂಕ ಸರಿಮಾಡಲೆಂದು ಅರದಿಂದ ಉಜ್ಜಿದ ಅಡ್ಡಗೆರೆ, ಗುರುತಿಗೆಂದು ಉಳಿಯಿಂದ ಹೊಡೆದ ನಂಬರು, ಹಿಂದೊಮ್ಮೆ ಪಿಸ್ಟನ್ ಸೀಜ್ ಆಗಿ ಬಾಗಿದ್ದನ್ನು ನೇರ ಮಾಡಿಸಿದ ಚರಿತ್ರೆ, ಇವು ಮೇಲಿನ ಲೆಕ್ಕದಲ್ಲಿ ಅರ್ಧದಷ್ಟಿದ್ದ ಸುರಕ್ಷತೆಯ ಅಂತರವನ್ನು ತಿಂದುಹಾಕುತ್ತವೆ. ಅಲ್ಯೂಮಿನಿಯಂ ಉಕ್ಕಿಗಿಂತ ಮೆದುವಾದ್ದರಿಂದ ಗೀರು ಬೀಳುವುದೂ ಸುಲಭ. ಲೋಹದ ವಾದದಲ್ಲಿ ಉಕ್ಕಿನವರು ನಿಜವಾಗಿ ಗೆಲ್ಲುವ ಜಾಗ ಇದು. ಎಂಜಿನ್ ಹೇಗೂ ಬಿಚ್ಚಿದ್ದರೆ ರಾಡನ್ನು ಶುದ್ಧವಾಗಿ ತೊಳೆದು ಬಣ್ಣ ಹಾಯಿಸುವ ಪರೀಕ್ಷೆ ಮಾಡಿಸಬೇಕು. ಕೆಂಪು ಬಣ್ಣ ಸವರಿ, ಒರೆಸಿ, ಬಿಳಿ ಪುಡಿ ಸಿಂಪಡಿಸಿದರೆ ಬಿರುಕಿನಲ್ಲಿ ಇಳಿದ ಬಣ್ಣ ಕೂದಲೆಳೆಯಂಥ ಕೆಂಪು ಗೆರೆಯಾಗಿ ಮೇಲೆ ಬರುತ್ತದೆ. ಉಕ್ಕಿನ ರಾಡಿಗಾದರೆ ಅಯಸ್ಕಾಂತದ ಪರೀಕ್ಷೆ ಸಾಧ್ಯ, ಅಲ್ಯೂಮಿನಿಯಂಗೆ ಅದು ನಡೆಯದು. ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಇವನ್ನು ಮಾಡಿಕೊಡುವವರಿದ್ದಾರೆ. ಬಿಗ್ ಎಂಡ್ ಕಣ್ಣನ್ನು ಮೂರು ಕಡೆ ಅಳೆದು ಮೊಟ್ಟೆಯಾಕಾರಕ್ಕೆ ಹಿಗ್ಗಿದೆಯೇ ನೋಡಬೇಕು. ಟ್ರಯಂಫ್, ಬಿಎಸ್‌ಎಗಳಂತೆ ಎರಡು ಭಾಗದ ರಾಡಾದರೆ ಬೋಲ್ಟು ನಟ್ಟುಗಳನ್ನು ಹಳೆಯವೇ ಚೆನ್ನಾಗಿವೆಯೆಂದು ಮತ್ತೆ ಹಾಕುವುದು ಬೇಡ. ಅವು ಒಮ್ಮೆ ಹಿಗ್ಗಿದವು. ರಾಡಿನ ಪೂರ್ವೋತ್ತರ ಗೊತ್ತಿಲ್ಲದಿದ್ದರೆ, ಗೀರು ಕಂಡರೆ, ಅದೇ ಮಿಶ್ರಲೋಹದ ಹೊಸ ರಾಡನ್ನೇ ಹಾಕಿಸಿ. ಕ್ರ್ಯಾಂಕ್ ಹೊರಗಿರುವಾಗಲೇ ಎಣ್ಣೆಯ ಕೊಳವೆಗೆ ತಂತಿ ಹಾಯಿಸಿ, ಗಾಳಿ ಊದಿಸಿ, ಇನ್ನೊಂದು ತುದಿಯಿಂದ ಶುದ್ಧ ಎಣ್ಣೆ ಬರುವುದನ್ನು ಕಣ್ಣಾರೆ ನೋಡದೆ ಕೇಸು ಮುಚ್ಚಲು ಮೆಕ್ಯಾನಿಕ್‌ಗೆ ಬಿಡಬೇಡಿ.